ಎಡಗಡೆ ಸ್ಟಿಯರಿಂಗಿನ ಕಾರು ನೋಡಲು ಹೋದದ್ದು

ನಾನು ಈತನಕ ಇಪ್ಪತ್ತಕ್ಕೂ ಹೆಚ್ಚು ಹಳೆಯ ಕಾರುಗಳನ್ನು ಪರೀಕ್ಷೆ ಮಾಡಿದ್ದೇನೆ, ಒಂದನ್ನೂ ಕೊಂಡಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ಮೊದಲೇ ಒಪ್ಪಿಕೊಂಡರೆ ನೀವು ಬೈಯುವುದು ಸ್ವಲ್ಪ ಕಡಿಮೆಯಾದೀತು ಎಂಬ ಆಸೆಯಿಂದ ಹೇಳುತ್ತಿದ್ದೇನೆ. ಗದಗಿನ ಒಂದು ಮುದ್ರಣಾಲಯದಲ್ಲಿ ನಾನು ಕರಡು ತಿದ್ದುವವನು, ಮನೆ ಬೆಟಗೇರಿಯಲ್ಲಿ. ಮನೆಯ ಮಗ್ಗ ನಿಂತು ಬಹಳ ಕಾಲವಾಯಿತು, ಅವ್ವ ಹೋಗಿ ನಾಲ್ಕು ವರ್ಷವಾಯಿತು, ಮದುವೆ ಎನ್ನುವುದು ಇವತ್ತು ನಾಳೆ ಎನ್ನುತ್ತ ಹಾಗೇ ಉಳಿದುಹೋಯಿತು. ವಾರದ ಆರು ದಿನ ಹೇಗೋ ಕಳೆಯುತ್ತದೆ. ಭಾನುವಾರ ಮಾತ್ರ, ಕಳೆದ ವರ್ಷದವರೆಗೆ, ಬೆಳಗಿನಿಂದ ಸಂಜೆಯವರೆಗೆ ನನ್ನ ಬಾಯಿಂದ ಒಂದು ಮಾತೂ ಹೊರಬೀಳುತ್ತಿರಲಿಲ್ಲ, ಸೋಮವಾರ ಹಾಲಿನವನಿಗೆ ‘ಅರ್ಧ ಲೀಟರ್’ ಎನ್ನುವಾಗ ಗಂಟಲು ಕಟ್ಟಿರುತ್ತಿತ್ತು. ಕಾರು ನೋಡಲು ಹೋದರೆ ಹಾಗಲ್ಲ. ಮಾರುವವರು ಬಾಗಿಲಲ್ಲೇ ಕಾದಿರುತ್ತಾರೆ, ‘ಬರ್ರಿ, ಕುಂಡ್ರಿ’ ಎನ್ನುತ್ತಾರೆ, ಚಹಾ ಕೊಡುತ್ತಾರೆ, ಅರ್ಧ ದಿನ ನನ್ನ ಮುಖ ನೋಡಿಕೊಂಡು ಮಾತನಾಡುತ್ತಾರೆ.

ಹಾಗೆಂದು ಪರೀಕ್ಷೆಯಲ್ಲಿ ನಾನು ಕಾಟಾಚಾರ ಮಾಡುವವನಲ್ಲ. ಹೋದೊಡನೆ ಬಾನೆಟ್ಟಿನ ಮೇಲೆ ಅಂಗೈ ಇಡುತ್ತೇನೆ. ಬೆಚ್ಚಗಿದ್ದರೆ ನಾನು ಬರುವ ಮೊದಲೇ ಎಂಜಿನ್ ಚಾಲೂ ಮಾಡಿ ಅದರ ಕೆಮ್ಮು ಅಡಗಿಸಿದ್ದಾರೆಂದು ಅರ್ಥ. ಜೇಬಿನಲ್ಲಿ ಒಂದು ಅಯಸ್ಕಾಂತ ಇರುತ್ತದೆ. ಅದು ಅಂಟದ ಕಡೆ ತಗಡು ಹೋಗಿ ಪುಟ್ಟಿ ಬಂದಿರುತ್ತದೆ. ಕಾಲಡಿಯ ಹಾಸನ್ನು ಎತ್ತಿ ತುಕ್ಕು ನೋಡುತ್ತೇನೆ. ಅವ್ವ ಯಾವ ಸೀರೆಯನ್ನಾದರೂ ಮೊದಲು ಹಿಂಬದಿ ತಿರುವಿ ನೋಡುತ್ತಿದ್ದಳು, ಅಲ್ಲಿಂದ ಬಂದ ಚಾಳಿ ಅದು. ಹೊಗೆ ನೀಲಿಯಾಗಿದ್ದರೆ ಎಂಜಿನ್ ಎಣ್ಣೆ ಕುಡಿಯುತ್ತಿದೆ ಎಂದು ಲೆಕ್ಕ. ಚಾಸಿ ನಂಬರನ್ನು ಕಾಗದದ ನಂಬರಿನೊಂದಿಗೆ ಒಂದೊಂದೇ ಅಂಕಿ ಹೋಲಿಸುತ್ತೇನೆ. ಶಿರಹಟ್ಟಿಯಲ್ಲಿ ಒಮ್ಮೆ ಮೂರು ಎಂಟಾಗಿದ್ದನ್ನು ಹಿಡಿದೆ. ಮಾರುವವರಿಗಿಂತ ನನಗೇ ಹೆಚ್ಚು ಬೇಸರವಾಯಿತು, ಏಕೆಂದರೆ ಚಹಾ ಇನ್ನೂ ಬಂದಿರಲಿಲ್ಲ. ಇಷ್ಟೆಲ್ಲ ತಪ್ಪು ಹಿಡಿಯುವ ನಾನು ಮಾತ್ರ ಹೋದಲ್ಲೆಲ್ಲ ಒಂದು ಸುಳ್ಳು ಹೇಳುತ್ತೇನೆ. ‘ಮನ್ಯಾಗ ಎಷ್ಟ ಮಂದಿ ಅದೀರಿ?’ ಎಂದು ಕೇಳದ ಮಾರಾಟಗಾರನೇ ಇಲ್ಲ. ‘ಐದ ಮಂದಿ ಅದೀವ್ರಿ’ ಎಂದುಬಿಡುತ್ತೇನೆ. ಒಬ್ಬನೇ ಎಂದರೆ ಎದುರಿನ ಮುಖದಲ್ಲಿ ಮೂಡುವ ಅಯ್ಯೋಪಾಪವನ್ನು ನನಗೆ ತಡೆದುಕೊಳ್ಳಲಾಗುವುದಿಲ್ಲ.

ಕಳೆದ ವರ್ಷ ಲಕ್ಷ್ಮೇಶ್ವರದಲ್ಲಿ ಭಾರೀ ಎಂಜಿನ್ನಿಗೆ, ಓಟಕ್ಕೆ ಹೆಸರಾದ ಅಮೆರಿಕದ ಮಸಲ್ ಕಾರೊಂದು ಮಾರಾಟಕ್ಕಿದೆಯೆಂಬ ಖಬರು ಬಂತು. ಬಸ್ ಹತ್ತಿ ಹೋದೆ. ಕೆಂಪು ಬಣ್ಣ, ಉದ್ದ ಮೂತಿ, ಎರಡೇ ಬಾಗಿಲು, ಎಂಟು ಸಿಲಿಂಡರಿನ ಎಂಜಿನ್, ಸ್ಟಿಯರಿಂಗ್ ಎಡಗಡೆ. ಮಾಲೀಕರು ಶಿವಪ್ಪ ಎಂಬವರು, ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿನಲ್ಲಿ ಎಂಜಿನ್ ನೋಡಿಕೊಂಡಿದ್ದು ನಿವೃತ್ತರಾದವರು. ಗೋವಾ ಕಡೆಯಿಂದ ಮುರುಕಲು ತಂದು ತಾವೇ ಜೀವ ತುಂಬಿದ್ದರು. ಬಾನೆಟ್ಟು ತಣ್ಣಗಿತ್ತು. ಅಯಸ್ಕಾಂತ ಎಲ್ಲ ಕಡೆ ಅಂಟಿತು. ನಂಬರುಗಳು ಹೊಂದಿದವು. ಒಳಗೆ ನೋಡಿದರೆ ಚಾಲಕನ ಸೀಟು ತಗ್ಗು ಬಿದ್ದಿತ್ತು, ಪಕ್ಕದ ಸೀಟು ಈಗಷ್ಟೇ ಹೊಲಿದಂತಿತ್ತು.

‘ಆ ಕಡಿ ಸೀಟ ಹೊಸಾದ ಐತಿ ನೋಡ್ರಿ, ಯಾರೂ ಕುಂತಿಲ್ಲ’ ಎಂದರು ಶಿವಪ್ಪ. ಅವರು ಹೆಮ್ಮೆಯಿಂದಲೇ ಹೇಳಿದ್ದು. ನಾನು ಮಾತ್ರ ಆ ಸೀಟನ್ನು ಮತ್ತೆ ನೋಡದೆ ಬಾಗಿಲು ಮುಚ್ಚಿದೆ. ಆಮೇಲೆ ಎಂದಿನ ಪ್ರಶ್ನೆ ಬಂತು, ಎಂದಿನ ಉತ್ತರ ಕೊಟ್ಟೆ. ಅವರು ತಲೆ ಅಲ್ಲಾಡಿಸಿದರು. ‘ಐದ ಮಂದಿಗೆ ಇದು ಆಗೂದಿಲ್ರಿ. ಹಿಂದಿನ ಸೀಟಿನ್ಯಾಗ ನಾಕ ಮೆಂತ್ಯಾ ಸೊಪ್ಪಿನ ಸೂಡ ಇಡಬಹುದು, ಅಷ್ಟ.’ ಹೀಗೆಂದು ಕಾರಿನ ಮೇಲೆ ಹೊದಿಕೆ ಎಳೆಯತೊಡಗಿದರು. ಚಹಾ ಹೋಗಲಿ, ಮಾತೇ ಮುಗಿಯಿತಲ್ಲ ಎಂದು ಗಾಬರಿಯಾಗಿ ಬಾಯಿಬಿಟ್ಟೆ.

‘ಖರೆ ಹೇಳ್ಬೇಕಂದ್ರ, ನಾ ಒಬ್ಬಾವ ಅದೀನ್ರಿ.’

ಅವರ ಮುಖದಲ್ಲಿ ಅಯ್ಯೋಪಾಪ ಮೂಡಲಿಲ್ಲ. ‘ನಾನೂ ಒಬ್ಬಾವನ. ಹತ್ರಿ, ಒಂದ ಸುತ್ತ ಹೋಗಿ ಬರೂಣು’ ಎಂದರು.

ಅಡರಕಟ್ಟಿ ಕಡೆಗೆ ಹೊರಟೆವು. ಊರು ದಾಟಿದ ಕೂಡಲೇ ಮುಂದೆ ಗೋವಿನಜೋಳ ಹೇರಿದ ಟ್ರ್ಯಾಕ್ಟರ್ ಸಿಕ್ಕಿತು. ಶಿವಪ್ಪ ಅದರ ಹಿಂದೆಯೇ ಸಾವಕಾಶ ನಡೆಸಿದರು. ಇಷ್ಟು ಶಕ್ತಿಯ ಕಾರು ಹೀಗೇಕೆ ತೆವಳುತ್ತಿದೆ ಎಂದು ನೋಡಿದರೆ, ಎಡಕ್ಕೆ ಕೂತ ಅವರಿಗೆ ಟ್ರ್ಯಾಕ್ಟರಿನ ಬೆನ್ನು ಬಿಟ್ಟು ಬೇರೇನೂ ಕಾಣುತ್ತಿಲ್ಲ. ಎದುರಿನ ದಾರಿ ಕಾಣುವುದು ಬಲಗಡೆ ಕೂತವನಿಗೆ. ನಾನು ಕತ್ತು ಚಾಚಿ ನೋಡಿ, ‘ದಾರಿ ಖಾಲಿ ಐತ್ರಿ, ಹೋಗ್ರಿ’ ಎಂದೆ. ಅವರು ಒಮ್ಮೆ ನನ್ನನ್ನು ನೋಡಿ ಕಾಲು ಒತ್ತಿದರು. ಎಂಟೂ ಸಿಲಿಂಡರು ಒಟ್ಟಿಗೆ ಎದ್ದವು, ಟ್ರ್ಯಾಕ್ಟರ್ ಎಲ್ಲೋ ಹಿಂದೆ ಉಳಿಯಿತು. ತುಸು ದೂರ ಹೋಗಿ ಕಾರು ನಿಲ್ಲಿಸಿ ಕನ್ನಡಕ ಒರೆಸಿಕೊಂಡರು. ‘ಹನ್ನೊಂದ ವರ್ಷಾತ್ರಿ ಈ ಗಾಡಿ ತಂದು. ಇವತ್ತ ಮೊದಲನೇ ಟ್ರ್ಯಾಕ್ಟರ್ ದಾಟಿದ್ದು’ ಎಂದರು. ನಗಬೇಕೆನಿಸಿತು, ಆದರೆ ನಗದೆ ಮುಂದೆ ಇನ್ನೊಂದು ಟ್ರ್ಯಾಕ್ಟರ್ ಇದೆಯೇ ಎಂದು ಕತ್ತು ಚಾಚಿದೆ.

ಮರಳಿ ಬಂದು ಚಹಾ ಕುಡಿಯುವಾಗ ನಾನು ಪೇಚಿಗೆ ಸಿಕ್ಕಿದೆ. ಕಾರಿನಲ್ಲಿ ಒಂದು ದೋಷವೂ ಇರಲಿಲ್ಲ. ಕೊಂಡರೆ ಬೆಟಗೇರಿಯಿಂದ ಒಬ್ಬನೇ ಹೊರಟು ಟ್ರ್ಯಾಕ್ಟರುಗಳ ಹಿಂದೆ ತೆವಳುವ ಸರದಿ ನನ್ನದು. ಬೇಡವೆಂದರೆ ಇಲ್ಲಿಗೆ ಮತ್ತೆ ಬರಲು ನೆಪವಿಲ್ಲ. ‘ಎಂಜಿನ್ನಿನ ಕೆಳಗ ಏನೋ ಸಣ್ಣ ಶಬ್ದ ಕೇಳಿಸ್ತರಿ. ಮುಂದಿನ ಐತವಾರ ಬಂದು ಮತ್ತೊಮ್ಮೆ ನೋಡ್ತೀನಿ’ ಎಂದೆ. ಜೀವನವಿಡೀ ಎಂಜಿನ್ ಬಿಚ್ಚಿ ಜೋಡಿಸಿದ ಆ ಮನುಷ್ಯ ಬಸಿಯಲ್ಲಿದ್ದ ಚಹಾ ಮುಗಿಸಿ, ‘ಹೌದ್ರಿ, ಐತಿ. ಅದು ಒಂದ ದಿನದಾಗ ಪತ್ತೆ ಆಗೂದಲ್ಲ’ ಎಂದರು.

ಅದಕ್ಕೀಗ ಎಂಟು ತಿಂಗಳು. ಪ್ರತಿ ಭಾನುವಾರ ಹೋಗುತ್ತೇನೆ, ಬಾನೆಟ್ಟಿನೊಳಗೆ ತಲೆಯಿಟ್ಟು ಗಂಭೀರವಾಗಿ ಕಿವಿಗೊಡುತ್ತೇನೆ, ಆಮೇಲೆ ಇಬ್ಬರೂ ಟ್ರ್ಯಾಕ್ಟರ್ ದಾಟಲು ಹೊರಡುತ್ತೇವೆ. ಮೊನ್ನೆ ಶಿವಪ್ಪ ಫೋನು ಮಾಡಿದ್ದರು. ಮುಂಡರಗಿಯಿಂದ ಯಾರೋ ಕೊಳ್ಳಲು ಬಂದಿದ್ದರಂತೆ, ಕಾರು ಬಲ್ಲವರಂತೆ. ಶಬ್ದವಿದೆ, ಕೊಡುವುದಿಲ್ಲ ಎಂದು ಶಿವಪ್ಪ ಹೇಳಿದರೆ, ಬಂದವರು ಅರ್ಧ ಗಂಟೆ ಹುಡುಕಿ ಯಾವ ಶಬ್ದವೂ ಇಲ್ಲ ಎಂದರಂತೆ.

‘ನೀವೇನಂದ್ರಿ?’ ಎಂದೆ.

‘ನಿಮ್ಮೊಬ್ಬರಿಗೆ ಕೇಳೂದಿಲ್ರಿ, ಅದಕ್ಕ ಇಬ್ಬರ ಬೇಕು ಅಂದೆ.’

ಫೋನು ಇಟ್ಟ ಮೇಲೆ, ಶಬ್ದವೇ ಇಲ್ಲವೆಂದು ಮೊದಲ ದಿನದಿಂದಲೂ ಬಲ್ಲ ಶಿವಪ್ಪನವರೆದುರು ಎಂಟು ತಿಂಗಳಿಂದ ಮಹಾ ಜಾಣನಂತೆ ಕಿವಿಗೊಡುತ್ತಿದ್ದೆನಲ್ಲ ಎಂದು ಒಬ್ಬನೇ ಕೂತು ನಾಚಿಕೊಂಡೆ.