ಮಾವನ ಬೆಟ್ಟದ ಫೈಲು

ನಮ್ಮ ಸೋದರಮಾವ ಮುಳ್ಳಯ್ಯನಗಿರಿಯನ್ನು ಇಪ್ಪತ್ತೆರಡು ಸಲ ಹತ್ತಿದ್ದರು. ಅಷ್ಟೂ ಸಲ ಬೇಲೂರಿನ ತಮ್ಮ ಮನೆಯ ಕುರ್ಚಿಯಿಂದ ಏಳದೆಯೇ! ನಂಬಿಕೆ ಬರಲಿಲ್ಲವೇ? ಫೈಲು ಇದೆ ಸ್ವಾಮಿ, ಫೈಲು!

ಮಾವ ಕಚೇರಿಯೊಂದರಲ್ಲಿ ಹೆಡ್ ಕ್ಲಾರ್ಕು. ಕಾಗದದ ಮೇಲೆ ಬಾರದ್ದು ಲೋಕದಲ್ಲಿ ನಡೆಯಕೂಡದು ಎಂಬುದು ಅವರ ಸಿದ್ಧಾಂತ. ಮನೆಗೊಂದು ಒಗ್ಗರಣೆ ಸೌಟು ಬೇಕಾದರೂ ಅತ್ತೆ ಚೀಟಿ ಬರೆದು ಕೊಡಬೇಕು. ಮಾವ ಅದರ ಮೇಲೆ ‘ಪರಿಶೀಲಿಸಿ’ ಎಂದು ಬರೆದು, ಸಣ್ಣ ಸಹಿ ಹಾಕಿ, ಮತ್ತೆ ಅತ್ತೆಯ ಕೈಗೇ ಕೊಡುತ್ತಿದ್ದರು. ಅತ್ತೆ ಪರಿಶೀಲಿಸಿ, ತಾವೇ ಪೇಟೆಗೆ ಹೋಗಿ ಸೌಟು ತರುತ್ತಿದ್ದರು.

ಬೆಟ್ಟದ ಫೈಲು ಶುರುವಾದದ್ದು ಅವರ ಮದುವೆಯ ಹೊಸತರಲ್ಲಿ. ಮೋಡವಿಲ್ಲದ ಒಂದು ಬೆಳಗ್ಗೆ ಅತ್ತೆ ತಾರಸಿಯಲ್ಲಿ ಬಟ್ಟೆ ಒಣಗಹಾಕಿ ಕೆಳಗೆ ಬಂದವರು, “ರೀ, ಅಲ್ಲಿ ಬೆಟ್ಟ ಕಾಣ್ತದೆ. ಒಂದ್ಸಲ ಅದರ ತುದೀಲಿ ನಿಂತ್ಕಂಡು ನೋಡ್ಬೇಕು ಕಣ್ರೀ” ಅಂದರಂತೆ. ಬಿಕ್ಕೋಡಿನ ಹೆಣ್ಣುಮಗಳು, ಒಡವೆ ಕೇಳಿದವರಲ್ಲ, ಸೀರೆ ಕೇಳಿದವರಲ್ಲ. ಬಾಯಿ ಬಿಟ್ಟು ಕೇಳಿದ್ದು ಇದೊಂದೇ. ಮಾವ ಅವತ್ತೇ ಫೈಲು ತೆರೆದರು. ‘ವಿಷಯ: ಬೆಟ್ಟ ಹತ್ತುವ ಬಗ್ಗೆ.’

ವರ್ಷಕ್ಕೊಂದು ಯೋಜನೆ. ಬಸ್ಸು ಎಷ್ಟು ಗಂಟೆಗೆ, ಚಪಾತಿ ಎಷ್ಟು, ಎಲ್ಲೆಲ್ಲಿ ಕೂತು ಸುಧಾರಿಸಿಕೊಳ್ಳುವುದು, ಎಲ್ಲವೂ ಬರವಣಿಗೆಯಲ್ಲಿ! ಕೊನೆಯಲ್ಲಿ ಮಾತ್ರ ತಪ್ಪದೆ ಒಂದು ಆಕ್ಷೇಪಣೆ. ಒಂದು ವರ್ಷ ‘ಮಂಜು ಇರುವ ಸಂಭವ’, ಮರುವರ್ಷ ‘ಮಂಜು ಇಲ್ಲದಿದ್ದಲ್ಲಿ ಬಿಸಿಲಿನ ಸಂಭವ’. ಇನ್ನೊಂದು ವರ್ಷವಂತೂ ‘ಗಾಳಿಯ ಬಗ್ಗೆ ಸ್ಪಷ್ಟನೆ ಬಂದ ನಂತರ ಮುಂದುವರಿಯುವುದು’. ಸ್ಪಷ್ಟನೆ ಕೊಡಬೇಕಾದವರು ಯಾರು, ವಾಯುದೇವರೇ?

ನಾನು ಪಿಯುಸಿ ಓದಲು ಅವರ ಮನೆಯಲ್ಲಿದ್ದಾಗ, ತೊಂಬತ್ತರ ದಶಕದ ಕೊನೆಯಲ್ಲಿ, ಅತ್ತೆಗೆ ಮಂಡಿನೋವು ಜೋರಾಯಿತು. ಮೆಟ್ಟಿಲು ಹತ್ತಿಳಿಯುವುದನ್ನು ಇನ್ನು ಕಡಿಮೆ ಮಾಡುತ್ತಾ ಬನ್ನಿ ಎಂದರು ಡಾಕ್ಟರು. ಮನೆಗೆ ಬಂದ ಅತ್ತೆ, “ಆ ಫೈಲು ಮುಚ್ಬಿಡ್ರೀ. ಇನ್ನೊಂದು ವರ್ಷ ಹೋದ್ರೆ ನನ್ ಕೈಲಾಗಲ್ಲ” ಅಂದರು. ಮಾವನ ಮುಖ ಸಪ್ಪಗಾಯಿತು. ಮರುದಿನ ನೋಡುತ್ತೇನೆ, ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ‘ತುರ್ತು’!

“ಬರೋ ಭಾನುವಾರ ತಾಲೀಮು” ಎಂದು ಘೋಷಿಸಿದರು. ಹಳೇಬೀಡಿನ ಕಡೆ ಯಾವುದಾದರೂ ಸಣ್ಣ ಗುಡ್ಡಕ್ಕೆ ಕರೆದುಕೊಂಡು ಹೋಗುತ್ತಾರೆಂದು ನಾನು ಕುಣಿದದ್ದೇ ಬಂತು. ಕರೆದುಕೊಂಡು ಹೋದದ್ದು ಹುಲಿಕೆರೆಯ ಕಲ್ಯಾಣಿಗೆ!

“ಬೆಟ್ಟ ಹತ್ತೋಕೆ ಹಳ್ಳಕ್ಕೆ ಇಳಿಯೋದಾ ಮಾವ?”

“ಇಳಿದಷ್ಟೂ ಹತ್ತಲೇಬೇಕಲ್ಲೇ! ಕಾಲಿಗೇನು ಗೊತ್ತಾಗುತ್ತೆ?”

ಹೆಗಲಿಗೆ ಚೀಲ, ಕಂಕುಳಲ್ಲಿ ಕೊಡೆ. ಆ ಹಳೆಗಾಲದ ಮೆಟ್ಟಿಲುಗಳನ್ನು ಮಾವ ಹನ್ನೆರಡು ಸಲ ಇಳಿದು ಹತ್ತಿದರು. ರಾಗಿ ಹೊಲದಿಂದ ಬಂದ ರೈತರೊಬ್ಬರು ಬಹಳ ಹೊತ್ತು ನೋಡಿ, “ಏನ್ ಕಳಕಂಡ್ರಿ ಸ್ವಾಮಿ? ನೀರಿಗ್ ಬಿತ್ತಾ?” ಎಂದು ಕೇಳಿದರು.

“ಇಲ್ಲಪ್ಪಾ... ಬೆಟ್ಟ ಹತ್ತುತಾ ಇದೀನಿ” ಎಂದರು ಮಾವ ಏದುಸಿರು ಬಿಡುತ್ತಾ.

ಅವರು ಕಲ್ಯಾಣಿಯನ್ನೊಮ್ಮೆ, ಮಾವನನ್ನೊಮ್ಮೆ ನೋಡಿ, ಮೇಲೆ ಕಟ್ಟೆಯಲ್ಲಿ ಕೂತಿದ್ದ ಅತ್ತೆಯ ಹತ್ತಿರ ಬಂದು ಮೆಲ್ಲಗೆ, “ಯಾವಾಗಿಂದ ಹಿಂಗೈತೆ ತಾಯಿ?” ಅಂದರು.

“ಮದ್ವೆ ಆದಾಗಿಂದ” ಎಂದರು ಅತ್ತೆ.

ಅಂತೂ ಆ ದಿನ ಬಂತು. ಮೊದಲ ಬಸ್ಸು ಹಿಡಿದು ಚಿಕ್ಕಮಗಳೂರು, ಅಲ್ಲಿಂದ ಜೀಪಿನಲ್ಲಿ ಬೆಟ್ಟದ ಬುಡ. ಮುಂದೆ ಸರ್ಪದಾರಿ. ಹೆಸರೇ ಹೇಳುವಂತೆ ಸುತ್ತಿ ಸುತ್ತಿ ಏರುವ ಕಡಿದಾದ ಕಾಲುದಾರಿ. ಒಂದು ಪಕ್ಕ ಹುಲ್ಲು, ಇನ್ನೊಂದು ಪಕ್ಕ ಏನೂ ಇಲ್ಲ! ಅತ್ತೆ ಮಂಡಿ ಒತ್ತಿಕೊಳ್ಳುತ್ತಾ, ನಗುತ್ತಾ ಹತ್ತುತ್ತಿದ್ದರು. ಅರ್ಧ ಗಂಟೆಯಾದ ಮೇಲೆ ಮಾವನ ಸದ್ದೇ ಇಲ್ಲವಲ್ಲ ಎಂದು ತಿರುಗಿ ನೋಡಿದರೆ, ಮಾವ ಒಂದು ಬಂಡೆಯನ್ನು ಎರಡೂ ಕೈಯಿಂದ ತಬ್ಬಿಕೊಂಡು ಕೂತಿದ್ದಾರೆ.

“ಏನಾಯ್ತು ಮಾವ?”

“ಏನಿಲ್ಲ. ಈ ಕಲ್ಲನ್ನ ಪರಿಶೀಲಿಸ್ತಾ ಇದೀನಿ.”

ಮುಖದಲ್ಲಿ ರಕ್ತವಿರಲಿಲ್ಲ. ಕಂಕುಳಿಂದ ಜಾರಿದ ಕೊಡೆ ಇಳಿಜಾರಿನಲ್ಲಿ ಉರುಳಿ ಕಣ್ಮರೆಯಾಯಿತು. ಅದು ಹೋದ ದಾರಿ ನೋಡಿ ಮಾವ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡರು. ಆಗ ನನಗೆ ಹೊಳೆಯಿತು. ಮಂಜೂ ಅಲ್ಲ, ಬಿಸಿಲೂ ಅಲ್ಲ. ನಮ್ಮ ಮಾವನಿಗೆ ಎತ್ತರವೆಂದರೆ ಜೀವಭಯ!

“ನೀವಿಬ್ರೂ ಹೋಗ್ಬನ್ನಿ. ನಾನಿಲ್ಲೇ ಊಟದ ಡಬ್ಬಿ ಕಾಯ್ತೀನಿ” ಎಂದರು.

ಅತ್ತೆ ಒಮ್ಮೆ ತುದಿಯ ಕಡೆ ನೋಡಿದರು. “ನಿಮ್ಮನ್ನ ಇಲ್ಲಿ ಬಿಟ್ಟು ನಾನೇನು ನೋಡ್ಲಿ? ಇಷ್ಟು ದೂರ ಬಂದ್ವಲ್ಲ, ಸಾಕು ಬಿಡ್ರೀ. ಇಳಿಯಾಣ.” ದನಿಯೇನೋ ನೆಟ್ಟಗಿತ್ತು, ಕಣ್ಣು ಮಾತ್ರ ತುದಿಯಲ್ಲೇ ಇತ್ತು. ನನಗೆ ಮಾವನ ಮೇಲೆ ನಿಜಕ್ಕೂ ಸಿಟ್ಟು ಬಂತು.

“ಏ ಹುಡುಗಿ, ನನ್ನ ಕೈ ಬಿಡಿಸೇ” ಎಂದರು ಮಾವ. ಬಂಡೆಗೆ ಅಂಟಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ, ಇಳಿಯುವುದಕ್ಕೆ ಅಂದುಕೊಂಡು. ಮಾವ ಅಂಬೆಗಾಲಿಟ್ಟು ಬಂದು ಅತ್ತೆಯ ಸೆರಗಿನ ತುದಿ ಹಿಡಿದರು.

“ನಡಿ. ನಿನ್ನ ಹಿಮ್ಮಡಿ ಬಿಟ್ಟು ನಾನು ಬೇರೇನೂ ನೋಡಲ್ಲ. ಮೇಲಕ್ಕೇ ನಡಿ.”

ಕುಂಟುವವರ ಹಿಂದೆ ನಡುಗುವವರು! ಹತ್ತು ಹೆಜ್ಜೆಗೊಮ್ಮೆ ಅತ್ತೆಯ ಮಂಡಿಗಾಗಿ ನಿಲ್ಲುವುದು, ನಿಂತಾಗಲೆಲ್ಲ ಮಾವ “ಯಾಕೆ ನಿಂತೆ, ಬಿದ್ದೆವಾ?” ಎನ್ನುವುದು. ಎದುರಿಗೆ ಇಳಿದು ಬಂದ ಕಾಲೇಜು ಹುಡುಗರು ಮುಸಿಮುಸಿ ನಕ್ಕರು. ಮಾವ ಅವರನ್ನೂ ನೋಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ತುದಿ ಮುಟ್ಟಿದೆವು. ಮಾವ ಅಲ್ಲಿನ ಗುಡಿಯ ಗೋಡೆಗೆ ಬೆನ್ನು ಒತ್ತಿ, ಕಣ್ಣು ಮುಚ್ಚಿ ಕುಸಿದು ಕೂತರು. ಅತ್ತೆ ನಿಂತರು. ಗಾಳಿಗೆ ಕೂದಲು ಹಾರುತ್ತಿತ್ತು, ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

“ಏನೇನ್ ಕಾಣ್ತದೆ, ಹೇಳು” ಎಂದರು ಮಾವ.

“ಬೆಟ್ಟದ ಹಿಂದೆ ಬೆಟ್ಟ ಕಣ್ರೀ. ಮೋಡ ನಮಗಿಂತ ಕೆಳಗೈತೆ. ಅಗೋ, ಅಲ್ಲೊಂದು ಕೆರೆ, ಬಟ್ಟಲಷ್ಟೇ ಐತೆ.” ಹೇಳುತ್ತಾ ಹೇಳುತ್ತಾ ಅತ್ತೆಗೆ ತವರಿನ ಮಾತೇ ಬಂದುಬಿಟ್ಟಿತ್ತು. ಎಲ್ಲ ಹೇಳಿ ಮುಗಿಸಿ, ಮಾವನ ಪಕ್ಕ ಕೂತು ಕೇಳಿದರು, “ಹೆದ್ರಿಕೆ ಅಂತ ಮೊದಲೇ ಒಂದು ಮಾತು ಹೇಳ್ಬಾರದಾಗಿತ್ತೇನ್ರೀ?”

“ಹೇಳಿದ್ರೆ ನೀನು ಆಸೇನೇ ಬಿಟ್ಟುಬಿಡ್ತಿದ್ದೆ ಕಣೇ” ಎಂದರು ಮಾವ, ಕಣ್ಣು ತೆರೆಯದೆ.