ಎಡೆಗೆ ಏನಿಡೋದು

ಹೆಂಗಸಿಲ್ಲದ ಮನೆಯ ಒಲೆ ಮುಂದೆ ದಿನಕ್ಕೊಂದು ಎಡವಟ್ಟು ಆಗ್ತಾನೇ ಇರುತ್ತೆ. ಕೇಳಿದವರು ನಗ್ತಾರೆ. ನಗಲಿ.

ನನ್ನ ಹೆಂಡತಿ ಯುಗಾದಿ ಕಳೆದ ಮೇಲೆ ಹೋದಳು. ಪಿತೃಪಕ್ಷ ಹತ್ತಿರ ಬಂತು. ಸತ್ತವರಿಗೆ ಇಷ್ಟವಾಗಿದ್ದನ್ನ ಮಾಡಿ ಬಾಳೆಎಲೆ ಮೇಲೆ ಎಡೆ ಇಡಬೇಕು. ಇಪ್ಪತ್ತೆರಡು ವರ್ಷ ಅವಳು ನನಗೆ ಬೇಯಿಸಿ ಹಾಕಿದ್ದಳು. ಈ ಒಂದು ಎಲೆಗೆ ನಾನೇ ಬೇಯಿಸ್ತೀನಿ, ಯಾರೂ ಬರಬೇಡಿ ಅಂದುಬಿಟ್ಟೆ. ಆಮೇಲೆ ಕುಂತು ಯೋಚನೆ ಮಾಡಿದೆ. ಅವಳಿಗೆ ಏನು ಇಷ್ಟ? ಗೊತ್ತಿರಲಿಲ್ಲ.

ನಂದು ಎತ್ತಿನ ಗಾಡಿ. ಪಾಂಡವಪುರದಿಂದ ಬಾಡಿಗೆ ಹೊಡೀತಿದ್ದೆ. ಗಾಡಿ ಹೋದ ಕಡೆಯೆಲ್ಲ ಕೇಳಿಕೊಂಡು ಬಂದೆ.

ಎಲೆ ಅಡಿಕೆ ಹೊತ್ತು

ನಾಗಮಂಗಲದಲ್ಲಿ ಅವಳ ತಂಗಿ ಇದ್ದಾಳೆ. ಅಕ್ಕನಿಗೆ ಉಪ್ಸಾರು ಅಂದರೆ ಆಸೆ ಅಂದಳು. ಮಾಡೋದು ಸುಲಭ. ತೊಗರಿಕಾಳು ಬೇಯಿಸಿ ಸೊಪ್ಪು ಹಾಕೋದು, ಉಪ್ಪು ಹಾಕೋದು, ಬೆಂದ ನೀರು ಬಸಿಯೋದು. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆಹಣ್ಣು ಅರೆದರೆ ಖಾರ. ಸೊಪ್ಪು ಎಷ್ಟು ಹೊತ್ತು ಬೇಯಬೇಕು ಅಂತ ಕೇಳಿದೆ. ಒಂದು ಸಲ ಎಲೆ ಅಡಿಕೆ ಹಾಕ್ಕೊಳ್ಳೋ ಹೊತ್ತು ಅಂದಳು.

ನಾನು ಎಲೆ ಅಡಿಕೆ ಹಾಕೋನಲ್ಲ. ಪಕ್ಕದ ಮನೆ ಅಜ್ಜಿ ಹಾಕುತ್ತೆ. ಸೊಪ್ಪು ಒಲೆ ಮೇಲಿಟ್ಟು ಅಜ್ಜಿ ಜಗಲಿಗೆ ಹೋಗಿ ಕುಂತೆ. ಅಜ್ಜಿಗೆ ಹಲ್ಲಿಲ್ಲ. ಎಲೆ ಅಡಿಕೆ ಕುಟ್ಟಬೇಕು. ಕುಟ್ಟಿತು. ಸುಣ್ಣ ಹುಡುಕಿತು. ನಡುವೆ ನನ್ನ ಹೆಂಡತೀನ ನೆನೆಸಿಕೊಂಡು ಅತ್ತಿತು. ನಾನೂ ಅತ್ತೆ. ಅಜ್ಜಿ ಉಗಿದು ಬರೋ ಹೊತ್ತಿಗೆ ಸೊಪ್ಪು ಮಡಕೆ ತಳಕ್ಕೆ ಹತ್ತಿ ಮಸಿಯಾಗಿತ್ತು.

ನಾದಿನಿಗೆ ಹೇಳಿದೆ.

"ಹಲ್ಲಿರೋರತ್ರ ಕುಂತ್ಕಬೇಕಿತ್ತು ಭಾವ" ಅಂದಳು.

ಕಜ್ಜಾಯ

ದೀಪಾವಳಿಗೆ ಅವಳು ಕಜ್ಜಾಯ ತಪ್ಪಿಸ್ತಿರಲಿಲ್ಲ. ಇದೇ ಇಷ್ಟ ಇರಬೇಕು ಅಂದುಕೊಂಡೆ. ಕೆ.ಆರ್. ಪೇಟೆಗೆ ಹೋದಾಗ ನಮ್ಮತ್ತೇನ ಕೇಳಿದೆ. ನೆನೆದ ಅಕ್ಕಿ ಕುಟ್ಟಿ ಹಿಟ್ಟು ಮಾಡು, ಬೆಲ್ಲದ ಪಾಕ ನೀರಿಗೆ ಬಿಟ್ಟರೆ ಮೆತ್ತಗೆ ಉಂಡೆ ಆಗಬೇಕು, ಆಗ ಇಳಿಸು ಅಂದರು.

ಉಂಡೆ ಆಯಿತು. ಇನ್ನೊಂಚೂರು ಗಟ್ಟಿಯಾದರೆ ಒಳ್ಳೇದೇ ಅಂತ ಕಾದೆ. ಕರಿದ ಮೇಲೆ ಕಲ್ಲು. ಬಾಬುರಾಯನಕೊಪ್ಪಲಲ್ಲಿ ಬಲಗಡೆ ಎತ್ತಿನ ಬಾಯಿಗೆ ಒಂದು ಹಾಕಿದೆ. ಹೊಳೆ ದಾಟಿ ಶ್ರೀರಂಗಪಟ್ಟಣದ ಸಂತೆ ಮುಟ್ಟಿದರೂ ಅಗೀತಾನೇ ಇತ್ತು.

ಇನ್ನೊಂದು ಸಲ ಹೇಳಿಕೊಡಿ ಅಂತ ಅತ್ತೆ ಹತ್ತಿರ ಹೋದೆ. ಎಡೆಗೆ ಅಂದೆ. ಅತ್ತೆ ನನ್ನ ಮುಖ ನೋಡಿದರು.

"ನನ್ ಮಗಳು ಯಾವತ್ತಪ್ಪ ಕಜ್ಜಾಯ ತಿಂದ್ಲು? ಮಾಡ್ತಿದ್ದೋಳು ಅವಳು, ತಿಂತಿದ್ದೋನು ನೀನು."

ಮತ್ತೆ ಮೊದಲೇ ಯಾಕೆ ಹೇಳಲಿಲ್ಲ ಅಂದೆ. ನಿನಗೇ ತಿನ್ನಂಗಾಗೈತೇನೋ ಅಂದ್ಕಂಡೆ ಅಂದರು.

ಒಬ್ಬರಿಗೆ

ಬೆಳ್ಳೂರು ಕ್ರಾಸಿನ ಹೋಟ್ಲಲ್ಲಿ ಒಬ್ಬ ಅಡಿಗೆಯವನು. ನಾನೂ ನನ್ನ ಹೆಂಡತೀನೂ ಒಂದು ಸಲ ಅಲ್ಲಿ ಊಟ ಮಾಡಿದ್ದೆವು. ಸಾರು ಹೇಗೆ ಮಾಡ್ತೀಯ ಅಂದೆ. ಮೊದಲು ಎರಡು ಹಂಡೆ ನೀರು ಇಡಬೇಕು ಅಂದ. ಒಬ್ಬರಿಗೆ ಹೇಳಪ್ಪ ಅಂದೆ. ತುಂಬಾ ಹೊತ್ತು ತಲೆ ಕೆರೆದುಕೊಂಡ. ಒಬ್ಬರಿಗೆ ಅಡಿಗೆ ಮಾಡೋದು ನನಗೆ ಗೊತ್ತೇ ಇಲ್ಲ ಅಂದ.

ನನಗೂ ಗೊತ್ತಿಲ್ಲ ಅಂತ ಹೇಳಿ ಎದ್ದುಬಂದೆ.

ಇಲಿ

ಅಮಾವಾಸ್ಯೆ ನಾಳೆ ಅನ್ನುವಾಗಲೂ ಏನೂ ಗೊತ್ತಾಗಿರಲಿಲ್ಲ. ಪಕ್ಕದ ಮನೆ ಅಜ್ಜಿ ಹತ್ತಿರ ಗೋಳು ಹೇಳಿಕೊಂಡೆ.

"ಅವಳ್ಗೆ ಇಷ್ಟ ಇದ್ದುದ್ದು ಹಸಿ ಅಕ್ಕಿ ಕಣ್ಲಾ. ಸೆರಗಲ್ಲಿ ಒಂದಿಡಿ ಕಟ್ಕಬಂದು ಇಲ್ಲೇ ಕುಂತು ತಿನ್ನೋಳು."

ನಾವು ರಾಗಿ ಉಣ್ಣೋ ಜನ. ಅಕ್ಕಿ ಅಂದರೆ ಹಬ್ಬಕ್ಕೆ, ನೆಂಟರಿಗೆ. ಆದರೂ ಗುಡಾಣದ ಅಕ್ಕಿ ತಗ್ಗುತ್ತಾ ಇರೋದು. ಇಲಿ ಅಂತ ಬೈದು ನಾನು ಬೋನು ತಂದಿದ್ದೆ. ಬೋನಿಗೆ ಬೋಂಡ ಸಿಕ್ಕಿಸ್ತಿದ್ದೆ. ಬೆಳಿಗ್ಗೆ ಬೋಂಡಾನೂ ಇಲ್ಲ, ಇಲೀನೂ ಇಲ್ಲ. ಬಲು ಜಾಣ ಇಲಿ ಅದು ಅಂತ ನನ್ನ ಹೆಂಡತಿ ಅನ್ನೋಳು.

"ಬೋಂಡದಲ್ಲಿ ಅರ್ಧ ನನ್ಗೂ ಕೊಡೋಳು" ಅಂತು ಅಜ್ಜಿ.

ಹೆಣದ ಬಾಯಿಗೆ ಅಕ್ಕಿ ಹಾಕ್ತೀವಲ್ಲ, ಆವತ್ತು ನಾನೂ ಹಾಕಿದ್ದೆ. ಅವಳಿಗೆ ಇಷ್ಟವಾಗಿದ್ದನ್ನ ನನ್ನ ಕೈಯಾರೆ ಕೊಟ್ಟಿದ್ದು ಅದೊಂದೇ ಸಲ. ಅದೂ ಗೊತ್ತಿಲ್ಲದೆ.

ಅಮಾವಾಸ್ಯೆ ದಿನ ಎಲೆ ಹಾಕಿ, ತುಂಬ ಅಕ್ಕಿ ಸುರಿದೆ. ಒಂದು ಮೂಲೆಗೆ ಬೋಂಡ ಇಟ್ಟೆ. ನಮ್ಮ ದೊಡ್ಡಪ್ಪ ಧೂಪ ಹಾಕೋಕೆ ಬಂದರು. ಎಲೆ ನೋಡಿದರು. ತಣ್ಣಗಿದ್ದ ಒಲೆ ನೋಡಿದರು. ಅವಳಿಗೆ ಇದೇ ಇಷ್ಟ ದೊಡ್ಡಪ್ಪ ಅಂದೆ.

ದೊಡ್ಡಪ್ಪ ಧೂಪ ಕೆಳಗಿಟ್ಟರು.

"ಒಲೆ ಹಚ್ಚಕ್ಕೆ ಸೋಮಾರಿತನ ಅಂತ ಹೇಳ್ಬುಡ್ಲಾ. ಸತ್ತೋಳ ಮ್ಯಾಲೆ ಯಾಕ್ಲಾ ಹಾಕ್ತೀಯ?"