ಶುಗರ್ ಶಿಬಿರದ ಲೀಡರುಗಳು

ಶುಗರ್ ಇರುವ ಮಕ್ಕಳ ಶಿಬಿರದಲ್ಲಿ ನರ್ಸ್ ಆದವಳಿಗೆ ಸಂಶಯ ಬೇಡವೆಂದರೂ ಬರುತ್ತದೆ. ಸದಲಗಾದ ಶಾಲೆಯೊಂದರಲ್ಲಿ ಪ್ರತಿ ಬೇಸಿಗೆ, ದಿನಾ ಇನ್ಸುಲಿನ್ ತಗೊಳ್ಳುವ ಮಕ್ಕಳು ಒಂದು ವಾರ ಇರುತ್ತಾರೆ. ಅವರಲ್ಲೇ ದೊಡ್ಡವರನ್ನು ಆರಿಸಿ, ಸಣ್ಣವರನ್ನು ನೋಡಿಕೊಳ್ಳುವ ಲೀಡರ್ ಮಾಡುತ್ತೇವೆ. ನಾನು ಹೋದ ಒಂದು ವರ್ಷವೂ ಪ್ರಸಂಗವಿಲ್ಲದೆ ಮುಗಿದಿಲ್ಲ.

ಮೊದಲು ಅದನ್ನ ಹೇಳ್ರಿ

ಭೋಜ ಊರಿನಿಂದ ಮೊಮ್ಮಗನನ್ನು ಬಿಡಲು ಬಂದ ಅಜ್ಜಿ ನನ್ನನ್ನೇ ಮೇಲಿಂದ ಕೆಳಗೆ ನೋಡಿದರು.

"ಇಂವನ್ನ ಲೀಡರ್ ಮಾಡ್ತೀರಂತಲ್ರಿ ಅಕ್ಕಾರ?"

"ಹೌದ್ರಿ ಆಯಿ. ಧೈರ್ಯ, ಜವಾಬ್ದಾರಿ ಎಲ್ಲಾ ಕಲಸ್ತೀವಿ."

ಅಜ್ಜಿ ಮೊಮ್ಮಗನ ಕೈ ಇನ್ನೂ ಬಿಗಿಯಾಗಿ ಹಿಡಿದರು. "ಅದಿರ್ಲಿ, ಯಾವ ಪಕ್ಷ?"

ನೂರಾಹತ್ತು

ಒಂದು ಮುಂಜಾನೆ ಎಂಟು ಮಕ್ಕಳೂ ತಮ್ಮ ಶುಗರ್ ಬರೆದಿಡುವ ವಹಿಯಲ್ಲಿ ನೂರಾಹತ್ತೇ! ನಂಬಿಕೆ ಬರಲಿಲ್ಲ. ಎಲ್ಲರ ಬೆರಳು ಮತ್ತೆ ಚುಚ್ಚಿದೆ. ಒಬ್ಬ ಹುಡುಗನದು ಅರವತ್ತಕ್ಕಿಳಿದು, ಮೈಯೆಲ್ಲ ಬೆವರು. ಗಾಬರಿಯಾಗಿ ಗ್ಲುಕೋಸ್ ನೀರು ಕುಡಿಸಿದೆ. ಅವನು ಚೇತರಿಸಿಕೊಂಡ ಮೇಲೆ ಗುಂಪಿನ ಲೀಡರನನ್ನು ಹಿಡಿದೆ.

"ಯಾಕಲೇ, ಎಲ್ಲಾರೂ ಒಬ್ಬನ ವಹಿ ನೋಡಿ ಬರದಾರ?"

ಅವನು ತಲೆ ತಗ್ಗಿಸಿದ. "ನಿನ್ನೆ ನೀವೇ ಹೇಳಿದ್ರಲ್ರಿ ಅಕ್ಕಾರ, ಟೀಮ್ ಅಂದಮ್ಯಾಲ ಒಬ್ಬರು ಹೆಚ್ಚು, ಒಬ್ಬರು ಕಡಿಮಿ ಇರಬಾರದಂತ."

ಪರ್ಸ್ ತೆಗೀರಿ

ಕರೋಶಿಯ ಹುಡುಗಿಯೊಬ್ಬಳು ಮೊದಲ ವರ್ಷ ಬಂದಾಗ ಬಾಯಿ ಬಿಡುತ್ತಿರಲಿಲ್ಲ. ಯಾರಾದರೂ ನೋಡಿಯಾರೆಂದು ಬಚ್ಚಲಲ್ಲಿ ನಿಂತು ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಳು. ಈಗ ಅವಳಿಗೆ ಹದಿನೇಳು. ಲೀಡರ್ ಮಾಡಿ, ಬಾಗಿಲಲ್ಲಿ ಚೀಲ ತಪಾಸಣೆಗೆ ನಿಲ್ಲಿಸಿದೆ.

"ಯಾರೇ ಇರ್ಲಿ, ನಂಬಬ್ಯಾಡ. ಸಿಹಿ ಸಿಕ್ಕರ ಎಲ್ಲಾರ ಮುಂದ ಖರೇ ಹೇಳಸು" ಎಂದು ಕಲಿಸಿದವಳೂ ನಾನೇ.

ಮರುದಿನ ನಾನು ಒಳಗೆ ಹೊರಟರೆ ಅಡ್ಡ ನಿಂತಳು. "ಅಕ್ಕಾರ, ಪರ್ಸ್ ತೆಗೀರಿ."

ಹೆಮ್ಮೆಯಿಂದ ಎದೆಯುಬ್ಬಿತು. ಮರುಕ್ಷಣವೇ ನೆನಪಾಯಿತು. ಪರ್ಸಿನಲ್ಲಿ ಬೆಲ್ಲದ ಕರದಂಟು!

"ಅದು ನಂದಲ್ಲವ್ವಾ."

"ಎಲ್ಲಾರೂ ಹಂಗ ಅಂತಾರ್ರಿ."

ಪ್ರಾರ್ಥನೆಯ ಹೊತ್ತಿಗೆ ನನ್ನನ್ನು ಮಕ್ಕಳೆದುರು ನಿಲ್ಲಿಸಿದಳು. ಅವಳ ದನಿ ಒಂದಿಷ್ಟೂ ನಡುಗಲಿಲ್ಲ, ನಡುಗಿದ್ದು ನನ್ನದು. ಕರದಂಟು ನನ್ನದೇ ಎಂದು ಒಪ್ಪಿಕೊಂಡೆ. ಮುಂದಿನ ಸಾಲಿನಲ್ಲಿ ಕೂತಿದ್ದ ಸಣ್ಣವಳೊಬ್ಬಳು ಕೈಯೆತ್ತಿದಳು.

"ಅಕ್ಕಾರ, ನಿಮಗೂ ಶುಗರ್ ಐತೇನ್ರಿ?"

"ಇಲ್ಲವ್ವಾ."

"ಮತ್ತ ನೀವ್ಯಾಕ ಕದ್ದು ತಿಂತೀರಿ?"